ಮುಂಡಗೋಡದ ಪಟಚಿತ್ರಕಾರ: ಶಿಷ್ಯವೃತ್ತಿ ಮತ್ತು ಕಾರ್ಯವಿಧಾನ

ಚಿತ್ರಕಲೆಯ ಹುಟ್ಟನ್ನು ಕುರಿತು ಪ್ರಾಚೀನವಾದ ಕಥೆಯೊಂದುಂಟು. ಒಬ್ಬ ಅರಸನ ರಾಜ್ಯದಲ್ಲಿ ಬ್ರಾಹ್ಮಣನೊಬ್ಬನ ಮಗನು ಅಕಾಲದಲ್ಲಿ ಮೃತನಾದನು. ತಂದೆಯು ಅರಸನ ಬಳಿಗೆ ಬಂದು ಮೊರೆಯಿಟ್ಟನು. ಅರಸನು ಬಾಲಕನಿಗಾಗಿ ಯಮನೊಡನೆಯೇ ಹೋರಾಟಕ್ಕೆ ನಿಂತನು. ಆಗ ಬ್ರಹ್ಮನು ನಡುವೆ ಬಂದು, ಸತ್ತ ಬಾಲಕನ ರೂಪವನ್ನು ಬಣ್ಣಗಳಿಂದ ಯಥಾವತ್ತಾಗಿ ಬರೆಯುವಂತೆ ಅರಸನಿಗೆ ಆಜ್ಞಾಪಿಸಿದನು. ಅರಸನು ಬರೆದನು, ಬ್ರಹ್ಮನು ಆ ರೂಪಕ್ಕೆ ಜೀವವನ್ನು ತುಂಬಿ ತಂದೆಗೆ ಮಗನನ್ನು ಮರಳಿ ಕೊಟ್ಟನು. ಲೋಕದ ಮೊದಲ ಚಿತ್ರವು ಹೀಗೆ ಹುಟ್ಟಿತೆಂದು ಆ ಕಥೆಯ ಸಾರ.

ಈ ಕಥೆಯನ್ನು ಹೇಳುವ ಗ್ರಂಥದ ಹೆಸರು ‘ಚಿತ್ರಲಕ್ಷಣ’. ಅದರ ಕರ್ತೃತ್ವವನ್ನು ನಗ್ನಜಿತ್ ಎಂಬವನಿಗೆ ಸಲ್ಲಿಸಲಾಗಿದೆ. ಸಂಸ್ಕೃತದಲ್ಲಿ ರಚಿತವಾದ ಈ ಗ್ರಂಥದ ಮೂಲವು ಹುಟ್ಟಿದ ನಾಡಿನಲ್ಲಿಯೇ ಕಳೆದುಹೋಯಿತು. ಆದರೆ ಬಹು ಹಿಂದೆಯೇ ಅದನ್ನು ತಮ್ಮ ನುಡಿಗೆ ಇಳಿಸಿಕೊಂಡಿದ್ದ ತಿಬೆಟಿನ ಪಂಡಿತರು, ‘ತೆಂಗ್ಯುರ್’ ಎಂಬ ತಮ್ಮ ಶಾಸ್ತ್ರಸಂಗ್ರಹದೊಳಗೆ ಅದನ್ನು ಕಾಪಾಡಿಕೊಂಡು ಬಂದರು. ಜರ್ಮನಿಯ ವಿದ್ವಾಂಸ ಬರ್ಟೋಲ್ಡ್ ಲೌಫರ್ 1913ರಲ್ಲಿ ತಿಬೆಟಿ ಪಾಠದಿಂದ ಅದನ್ನು ಜರ್ಮನ್ ಭಾಷೆಗೆ ಅನುವಾದಿಸಿದ ಮೇಲೆಯೇ ಅಂಥದೊಂದು ಗ್ರಂಥವಿತ್ತೆಂಬುದು ಆಧುನಿಕ ವಿದ್ವಲ್ಲೋಕಕ್ಕೆ ಚೆನ್ನಾಗಿ ತಿಳಿದುಬಂದಿತು. ತನ್ನ ಮನೆಯಲ್ಲಿ ಕಳೆದ ವಸ್ತು ನೆರೆಮನೆಯಲ್ಲಿ ಜೋಪಾನವಾಗಿದ್ದುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ.

ಆ ನೆರೆಮನೆಯವರು ಈಗ ದೂರದವರಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾಗಳ ವಿದ್ಯಾರ್ಥಿಗಳು ಒಂದು ದಿನದ ಪ್ರವಾಸದಲ್ಲಿ ಹೋಗಿ ಬರಬಹುದಾದ ಮುಂಡಗೋಡದಲ್ಲಿಯೇ ಅವರು ನೆಲೆಸಿದ್ದಾರೆ. ಅವರ ವಿಹಾರಗಳ ಗೋಡೆಗಳ ಮೇಲೂ ಪ್ರಾರ್ಥನಾಮಂದಿರಗಳ ಕಂಬಗಳ ನಡುವೆಯೂ ಕಾಣುವ ಚಿತ್ರಗಳನ್ನು ನೋಡಿ ಬೆರಗಾಗಿ ಹಿಂದಿರುಗುವವರು ಅನೇಕರು. ಅವುಗಳನ್ನು ಬರೆಯುವವನು ಹೇಗೆ ಕಲಿತನು, ಹೇಗೆ ಬರೆಯುತ್ತಾನೆ ಎಂದು ವಿಚಾರಿಸುವವರು ಮಾತ್ರ ವಿರಳ. ಆ ವಿಚಾರಣೆಯೇ ಈ ಲೇಖನದ ಉದ್ದೇಶ.

ಮುಂಡಗೋಡಕ್ಕೆ ಬಂದ ಬಗೆ

1959ರಲ್ಲಿ ದಲಾಯಿ ಲಾಮಾ ಅವರು ತಿಬೆಟನ್ನು ತೊರೆದು ಭಾರತದಲ್ಲಿ ಆಶ್ರಯ ಪಡೆದರು. ಅವರ ಹಿಂದೆ ಸಹಸ್ರಾರು ಜನರು ಹಿಮಾಲಯವನ್ನು ದಾಟಿ ಬಂದರು. ಅವರ ವಸತಿಗಾಗಿ ಅಂದಿನ ಮೈಸೂರು ರಾಜ್ಯವು ಉದಾರವಾಗಿ ಭೂಮಿಯನ್ನು ನೀಡಿತು. ಮೊದಲು 1960ರಲ್ಲಿ ಬೈಲಕುಪ್ಪೆಯಲ್ಲಿ, ಅನಂತರ 1966ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, ಮುಂಡಗೋಡದಲ್ಲಿ ವಸತಿಗಳು ತಲೆಯೆತ್ತಿದವು. ಸುಮಾರು 4,000 ಎಕರೆ ವಿಸ್ತಾರದ ಮುಂಡಗೋಡದ ವಸತಿಗೆ ‘ದೋಗುಲಿಂಗ್’ ಎಂದು ಹೆಸರು. ಹಿಮದ ನಾಡಿನಿಂದ ಬಂದವರು ಮಲೆನಾಡಿನ ಅಂಚಿನ ಮಳೆಯಲ್ಲಿ ಕಾಡು ಸವರಿ ಗೋವಿನಜೋಳ, ಭತ್ತಗಳನ್ನು ಬೆಳೆಯಲು ಕಲಿತರು.

ಭಿಕ್ಷುಗಳ ಪಾಡು ಇನ್ನೂ ಕಠಿಣವಾಗಿತ್ತು. ಗಾಂದೆನ್ ವಿಹಾರವು 1409ರಲ್ಲಿಯೂ ದ್ರೆಪುಂಗ್ ವಿಹಾರವು 1416ರಲ್ಲಿಯೂ ಲ್ಹಾಸಾದ ಸಮೀಪದಲ್ಲಿ ಸ್ಥಾಪಿತವಾದ ಮಹಾವಿದ್ಯಾಪೀಠಗಳು. ಅಲ್ಲಿಂದ ಪಾರಾಗಿ ಬಂದ ಭಿಕ್ಷುಗಳನ್ನು ಬಂಗಾಲದ ಬಕ್ಸಾದುವಾರದಲ್ಲಿ, ಹಿಂದೆ ಬಂದಿಖಾನೆಯಾಗಿದ್ದ ಕಟ್ಟಡಗಳಲ್ಲಿ, ಇರಿಸಲಾಯಿತು. ಅಲ್ಲಿನ ಹವೆ ಒಗ್ಗದೆ, ಕ್ಷಯರೋಗಕ್ಕೆ ತುತ್ತಾಗಿ ಹಲವರು ತೀರಿಕೊಂಡರು. ಉಳಿದವರು ಅಲ್ಲಿಯೂ ಪಾಠವನ್ನು ನಿಲ್ಲಿಸಲಿಲ್ಲ. 1969ರಿಂದ ಮೊದಲ್ಗೊಂಡು ಅವರು ಮುಂಡಗೋಡಕ್ಕೆ ಬಂದು ಈ ಎರಡೂ ವಿದ್ಯಾಪೀಠಗಳನ್ನು ಅದೇ ಹೆಸರಿನಲ್ಲಿ ಮರಳಿ ಕಟ್ಟಿದರು.

ಇಂಥ ವಲಸೆಯಲ್ಲಿ ದೊಡ್ಡ ವಿಗ್ರಹಗಳನ್ನು ಹೊತ್ತು ತರುವುದು ಸಾಧ್ಯವಿರಲಿಲ್ಲ. ಸುರುಳಿ ಸುತ್ತಬಹುದಾದ ಪಟಚಿತ್ರವನ್ನು ಮಾತ್ರ ಬೆನ್ನ ಮೇಲೆ ಹೊತ್ತು ನಡೆಯಬಹುದಾಗಿತ್ತು. ‘ಥಂಕಾ’ ಎಂಬ ಈ ಪಟಚಿತ್ರವು ಸುರುಳಿಯ ರೂಪವನ್ನು ತಾಳಿದುದೇ ಸಂಚಾರದ ಅಗತ್ಯದಿಂದ. ಡೇರೆಯಿಂದ ಡೇರೆಗೆ ಸಾಗುವ ಪಶುಪಾಲಕರೂ ಊರಿಂದೂರಿಗೆ ನಡೆಯುವ ಭಿಕ್ಷುಗಳೂ ಅದನ್ನು ಬಿಚ್ಚಿ ತೂಗುಹಾಕಿ ಪೂಜಿಸಿ, ಮತ್ತೆ ಸುತ್ತಿಕೊಂಡು ಮುಂದೆ ಸಾಗುತ್ತಿದ್ದರು. ಶರಣಪರಂಪರೆಯ ಪರಿಭಾಷೆಯನ್ನು ಎರವಲು ಪಡೆದು ಹೇಳುವುದಾದರೆ, ಗೋಡೆಯ ಚಿತ್ರವು ಸ್ಥಾವರ, ಪಟಚಿತ್ರವು ಜಂಗಮ.

ಶಿಷ್ಯವೃತ್ತಿ

ಥಂಕಾ ಬರೆಯುವವನ ವೃತ್ತಿಜೀವನವು ಬಾಲ್ಯದ ಕೊನೆಯಲ್ಲಿ ಅಥವಾ ತಾರುಣ್ಯದ ಆರಂಭದಲ್ಲಿ ಮೊದಲಾಗುತ್ತದೆ. ತಂದೆಯಿಂದ ಮಗನಿಗೆ ಕೈಸೇರುವುದುಂಟು. ಗುರುವಿನ ಮನೆಯಲ್ಲಿಯೋ ವಿಹಾರದಲ್ಲಿಯೋ ಇದ್ದು ಕಲಿಯುವುದೂ ಉಂಟು. ಕಲಿಕೆಯ ಅವಧಿ ಸಾಮಾನ್ಯವಾಗಿ ಆರು ವರ್ಷಕ್ಕೆ ಕಡಿಮೆಯಿಲ್ಲ. ಅದರ ಮೊದಲ ಅರ್ಧದಲ್ಲಿ ಶಿಷ್ಯನು ಬಣ್ಣವನ್ನು ಮುಟ್ಟುವುದೇ ಇಲ್ಲ. ಕೇವಲ ರೇಖೆ. ಮೊದಲು ಬುದ್ಧನ ಮುಖ. ಅದು ಕೈಗೆ ಹತ್ತಿದ ಮೇಲೆ ಪೂರ್ಣದೇಹ. ಆಮೇಲೆ ವಸ್ತ್ರದ ನೆರಿಗೆ. ತರುವಾಯ ಬೋಧಿಸತ್ತ್ವರು, ತಾರೆ, ಉಗ್ರದೇವತೆಗಳು. ಒಂದೇ ಮುಖವನ್ನು ನೂರಾರು ಸಲ ಬರೆದು ಅಳಿಸುವುದು ಇಲ್ಲಿ ಶಿಕ್ಷೆಯಲ್ಲ, ಅದೇ ಪಾಠ. ಹಿಂದೆ ಮರಳು ಹಲಗೆಯ ಮೇಲೆ ಅಕ್ಷರವನ್ನು ತಿದ್ದಿ ತಿದ್ದಿ ಕಲಿತ ಕನ್ನಡ ಶಾಲೆಯ ಮಕ್ಕಳಿಗೆ ಈ ಕ್ರಮವು ಅಪರಿಚಿತವೆನಿಸದು.

ಎರಡನೆಯ ಘಟ್ಟದಲ್ಲಿ ಶಿಷ್ಯನು ಗುರುವಿನ ಕೆಲಸಕ್ಕೆ ಕೈಜೋಡಿಸುತ್ತಾನೆ. ಬಟ್ಟೆ ಬಿಗಿಯುವುದು, ಬಣ್ಣ ಅರೆಯುವುದು, ಆಕಾಶಕ್ಕೂ ಹುಲ್ಲುಗಾವಲಿಗೂ ಸಮತಲವಾಗಿ ಬಣ್ಣ ತುಂಬುವುದು ಅವನ ಪಾಲು. ಛಾಯೆಯನ್ನು ಕೊಡುವ ಕೆಲಸ ಅವನಿಗೆ ತಡವಾಗಿ ಬರುತ್ತದೆ. ಮುಖವನ್ನು ಮುಗಿಸುವ ಅಧಿಕಾರವಂತೂ ಕಟ್ಟಕಡೆಗೆ. ಹೀಗಾಗಿ ಒಂದೇ ಪಟದಲ್ಲಿ ಮೂರು ನಾಲ್ಕು ಕೈಗಳು ಸೇರಿರುವುದು ಸಾಮಾನ್ಯ. ಚಿತ್ರಕಾರನು ಪಟದ ಮೇಲೆ ತನ್ನ ಹೆಸರನ್ನು ಬರೆಯುವ ವಾಡಿಕೆಯೂ ಹೆಚ್ಚಾಗಿಲ್ಲ. ಬರೆಸಿದವನು ಕೊಡುವುದನ್ನು ಬೆಲೆಯೆಂದು ಕರೆಯದೆ ಕಾಣಿಕೆಯೆಂದು ಭಾವಿಸುವುದು ಹಳೆಯ ಸಂಪ್ರದಾಯ. ಬರೆಯುವ ಕಾಲದಲ್ಲಿ ಶುಚಿತ್ವವನ್ನೂ ಮಾತಿನಲ್ಲಿ ಆಹಾರದಲ್ಲಿ ಮಿತಿಯನ್ನೂ ಪಾಲಿಸಬೇಕೆಂಬುದು ಅವನಿಗೆ ವಿಧಿಸಿದ ನಿಯಮ.

ಪಟವನ್ನು ಅಣಿಗೊಳಿಸುವುದು

ಕಾರ್ಯವು ಬಟ್ಟೆಯಿಂದ ಮೊದಲಾಗುತ್ತದೆ. ನಯವಾದ ಹತ್ತಿಬಟ್ಟೆಯನ್ನು ಒಗೆದು, ಅದರ ನಾಲ್ಕು ಅಂಚುಗಳನ್ನು ತೆಳುವಾದ ಕಡ್ಡಿಗಳಿಗೆ ಹೊಲಿಯುತ್ತಾರೆ. ಆ ಕಡ್ಡಿಗಳನ್ನು ಹೊರಗಿನ ದೊಡ್ಡ ಮರದ ಚೌಕಟ್ಟಿಗೆ ದಾರದಿಂದ ಓರೆಕೋರೆಯಾಗಿ ಹೆಣೆದು ಬಿಗಿಯುತ್ತಾರೆ. ಬಟ್ಟೆ ಸಡಿಲವಾದಾಗ ದಾರವನ್ನೆಳೆದರೆ ಸಾಕು, ಮತ್ತೆ ಡೋಲಿನ ಚರ್ಮದಂತೆ ಬಿಗಿಯಾಗುತ್ತದೆ.

ಅನಂತರ ಅಂಟು. ಬಡಗಿಗಳು ಬಳಸುತ್ತಿದ್ದ ಸರೇಸಿನಂತಹ ಚರ್ಮಜನ್ಯವಾದ ಅಂಟನ್ನು ಬಿಸಿನೀರಿನಲ್ಲಿ ಕರಗಿಸಿ ಬಟ್ಟೆಗೆ ಸವರುತ್ತಾರೆ. ಅದು ಒಣಗಿದ ಮೇಲೆ ಬಿಳಿಯ ಮಣ್ಣನ್ನೋ ಸೀಮೆಸುಣ್ಣದ ಪುಡಿಯನ್ನೋ ಅದೇ ಅಂಟಿನೊಡನೆ ಕಲಸಿ ಎರಡೂ ಮಗ್ಗುಲಿಗೆ ತೆಳುವಾಗಿ ಲೇಪಿಸುತ್ತಾರೆ. ಈ ಹದವೇ ಇಡೀ ಕೃತಿಯ ಆಯುಸ್ಸನ್ನು ನಿರ್ಧರಿಸುತ್ತದೆ. ಅಂಟು ಹೆಚ್ಚಾದರೆ ಸುರುಳಿ ಸುತ್ತುವಾಗ ಲೇಪವು ಬಿರಿಯುತ್ತದೆ. ಕಡಿಮೆಯಾದರೆ ಪುಡಿಪುಡಿಯಾಗಿ ಉದುರುತ್ತದೆ. ಲೇಪವು ಒಣಗಿದ ಮೇಲೆ ಪಟವನ್ನು ತುಸು ತೇವಗೊಳಿಸಿ, ಹಲಗೆಯ ಮೇಲಿಟ್ಟು, ನುಣುಪಾದ ಕಲ್ಲಿನಿಂದ ಅಥವಾ ಶಂಖದಿಂದ ಬಹುಹೊತ್ತು ಉಜ್ಜುತ್ತಾರೆ. ನೂಲಿನ ಎಳೆ ಕಣ್ಣಿಗೆ ಕಾಣದಂತಾಗಿ, ಮೇಲ್ಮೈ ದಂತದಂತೆ ನಯವಾಗುವವರೆಗೂ ಈ ಕೆಲಸ ಸಾಗುತ್ತದೆ. ನೋಡುವವನ ಕಣ್ಣಿಗೆ ಬೀಳದ ಈ ಶ್ರಮದ ಮೇಲೆಯೇ ಮುಂದಿನದೆಲ್ಲವೂ ನಿಂತಿದೆ.

ಸೂತ್ರ ಮತ್ತು ಪ್ರಮಾಣ

ಪಟವು ಸಿದ್ಧವಾದೊಡನೆ ಚಿತ್ರಕಾರನು ಕುಂಚವನ್ನು ಕೈಗೆತ್ತಿಕೊಳ್ಳುವುದಿಲ್ಲ, ದಾರವನ್ನು ಎತ್ತಿಕೊಳ್ಳುತ್ತಾನೆ. ಬಣ್ಣದ ಪುಡಿ ಹಚ್ಚಿದ ದಾರವನ್ನು ಬಿಗಿಹಿಡಿದು ಮಿಡಿದು ಪಟದ ಮೇಲೆ ನೇರವಾದ ಗೆರೆಗಳನ್ನು ಮೂಡಿಸುತ್ತಾನೆ. ಪಟದ ನಟ್ಟನಡುವೆ ಮೇಲಿನಿಂದ ಕೆಳಕ್ಕೆ ಇಳಿಯುವ ಗೆರೆಯೇ ಮುಖ್ಯವಾದುದು. ತಿಬೆಟಿ ಭಾಷೆಯಲ್ಲಿ ಅದಕ್ಕೆ ‘ಬ್ರಹ್ಮನ ರೇಖೆ’ ಎಂಬರ್ಥದ ಹೆಸರಿದೆ. ಭಾರತೀಯ ಶಿಲ್ಪಶಾಸ್ತ್ರಗಳಲ್ಲಿ ಇದೇ ನಡುಗೆರೆಗೆ ‘ಬ್ರಹ್ಮಸೂತ್ರ’ವೆಂದು ಹೆಸರು. ಹಿಮಾಲಯವನ್ನು ಹತ್ತಿ ಇಳಿದರೂ ಹೆಸರು ಬದಲಾಗದೆ ಉಳಿದಿದೆಯೆಂಬುದು ಗಮನಾರ್ಹ.

ನಡುಗೆರೆ, ಅಡ್ಡಗೆರೆ, ಎರಡು ಕರ್ಣರೇಖೆಗಳು, ನಾಲ್ಕು ಅಂಚುಗಳು – ಹೀಗೆ ಎಂಟು ಪ್ರಧಾನರೇಖೆಗಳಾದ ಮೇಲೆ ಮೂರ್ತಿಗೆ ತಕ್ಕ ಅಳತೆಯ ಜಾಲರಿಯನ್ನು ಹಾಕುತ್ತಾರೆ. ಅಳತೆಯ ಮೂಲಮಾನ ಅಂಗುಲ; ಆದರೆ ಅದು ಅಂಗಡಿಯ ಅಳತೆಗೋಲಿನ ಅಂಗುಲವಲ್ಲ, ಚಿತ್ರದಲ್ಲಿರುವ ಮೂರ್ತಿಯದೇ ಅಂಗುಲ. ಪಟ ದೊಡ್ಡದಾದರೆ ಅಂಗುಲವೂ ದೊಡ್ಡದಾಗುತ್ತದೆ, ಪ್ರಮಾಣ ಮಾತ್ರ ಕೆಡುವುದಿಲ್ಲ. ಕಾಲಚಕ್ರತಂತ್ರದ ಪದ್ಧತಿಯಂತೆ ಬುದ್ಧನ ಎತ್ತರ 125 ಅಂಗುಲ. 120 ಅಂಗುಲವನ್ನು ಹೇಳುವ ಪದ್ಧತಿಯೂ ಉಂಟು. ಶಾಂತದೇವತೆಗೊಂದು, ಉಗ್ರದೇವತೆಗೊಂದು ಪ್ರಮಾಣವಿದೆ. ಜಾಲರಿಯ ಮೇಲೆ ಮೊದಲು ಇದ್ದಲಿನಿಂದ ಬರೆದು, ತಿದ್ದಿ, ಬಳಿಕ ಮಸಿಯಿಂದ ಖಚಿತಗೊಳಿಸುತ್ತಾರೆ.

ಇಷ್ಟೆಲ್ಲವೂ ನಿಯತವಾಗಿದ್ದ ಮೇಲೆ ಚಿತ್ರಕಾರನಿಗೆ ಸ್ವಾತಂತ್ರ್ಯವೆಲ್ಲಿ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಮೂರ್ತಿಯ ಮಾನ, ಮುದ್ರೆ, ಆಯುಧ, ವರ್ಣಗಳಲ್ಲಿ ಅವನಿಗೆ ಸ್ವಾತಂತ್ರ್ಯವಿಲ್ಲ. ಬೆಟ್ಟ, ಮೋಡ, ನೀರು, ಮರ, ಹೂ, ಜಿಂಕೆಗಳಲ್ಲಿ, ವಸ್ತ್ರದ ಬಳುಕಿನಲ್ಲಿ, ಎಲ್ಲಕ್ಕೂ ಮಿಗಿಲಾಗಿ ರೇಖೆಯ ಜೀವದಲ್ಲಿ ಅವನು ಸ್ವತಂತ್ರನು. ಇದರಿಂದಲೇ ಕಾಲಾಂತರದಲ್ಲಿ ಪ್ರತ್ಯೇಕ ಶೈಲಿಗಳು ಹುಟ್ಟಿದವು. ಹದಿನೈದನೆಯ ಶತಮಾನದ ಮೆನ್ಲಾ ದೊಂಡ್ರುಪ್ ಎಂಬ ಚಿತ್ರಕಾರನಿಂದ ‘ಮೆನ್ರಿ’ ಶೈಲಿ ಪ್ರವರ್ತಿಸಿತು. ಅದೇ ಶತಮಾನದ ಖ್ಯೆನ್ಸೆ ಚೆನ್ಮೊ ಎಂಬವನಿಂದ ‘ಖ್ಯೆನ್ರಿ’ ಶೈಲಿ. ಇಬ್ಬರೂ ಷಟ್ಪದಿಯಲ್ಲಿಯೇ ಬರೆದಿದ್ದರೂ ರಾಘವಾಂಕನ ಪದ್ಯವನ್ನು ಕುಮಾರವ್ಯಾಸನ ಪದ್ಯವೆಂದು ಯಾರೂ ಭ್ರಮಿಸುವುದಿಲ್ಲ. ಚಿತ್ರದ ಸಂಗತಿಯೂ ಹಾಗೆಯೇ.

ವರ್ಣವಿನ್ಯಾಸ

ಸಾಂಪ್ರದಾಯಿಕವಾದ ಬಣ್ಣಗಳು ಕಲ್ಲು, ಮಣ್ಣು, ಗಿಡಗಳಿಂದ ಬಂದವು. ಅಜುರೈಟ್ ಎಂಬ ತಾಮ್ರಜನ್ಯವಾದ ಕಲ್ಲಿನಿಂದ ನೀಲಿ, ಮ್ಯಾಲಕೈಟ್ ಎಂಬ ಅದರ ಸೋದರಶಿಲೆಯಿಂದ ಹಸಿರು, ಇಂಗಳೀಕದಿಂದ ಕೆಂಪು, ಹರಿತಾಳದಿಂದ ಹಳದಿ, ದೀಪದ ಕಾಡಿಗೆಯಿಂದ ಕಪ್ಪು. ನೀಲಿಗಿಡದ ಬಣ್ಣವೂ ಅರಗಿನ ಕೆಂಪೂ ಛಾಯೆಗಳಿಗೆ ಒದಗುತ್ತವೆ. ಒಂದೊಂದನ್ನೂ ಅರೆಯುವ ಕ್ರಮ ಬೇರೆ. ಇಂಗಳೀಕವನ್ನು ಎಷ್ಟು ಅರೆದರೂ ಹೆಚ್ಚಲ್ಲ. ನೀಲಿಕಲ್ಲನ್ನಾದರೋ ಮೃದುವಾಗಿ ಅರೆಯಬೇಕು. ಅತಿಯಾಗಿ ಅರೆದರೆ ಅದು ಬಿಳುಪೇರಿ ನಿಸ್ತೇಜವಾಗುತ್ತದೆ. ಅರೆದ ಪುಡಿಯನ್ನು ನೀರಿನಲ್ಲಿ ಕದಡಿ ಬಿಟ್ಟರೆ ದಪ್ಪ ಕಣ ಮೊದಲು ತಳಕ್ಕಿಳಿಯುತ್ತದೆ, ಅದು ಗಾಢನೀಲಿ, ನಡುವಿನದು ಮಧ್ಯಮ, ಕೊನೆಯದು ತಿಳಿನೀಲಿ. ಹೀಗೆ ಒಂದೇ ಕಲ್ಲಿನಿಂದ ಹಲವು ನೀಲಿಗಳು ದೊರೆಯುತ್ತವೆ. ಈ ಪುಡಿಗಳನ್ನು ಮತ್ತೆ ಅಂಟಿನ ನೀರಿನಲ್ಲಿಯೇ ಕಲಸುತ್ತಾರೆ.

ಬಣ್ಣ ತುಂಬುವಾಗ ದೂರದಿಂದ ಹತ್ತಿರಕ್ಕೆ ಬರುವುದು ಕ್ರಮ. ಮೊದಲು ಆಕಾಶ, ತರುವಾಯ ಬೆಟ್ಟ ನೀರುಗಳು, ಆಮೇಲೆ ಪ್ರಭಾವಳಿ ಪದ್ಮಪೀಠಗಳು, ಕೊನೆಗೆ ಮೂರ್ತಿಯ ಮೈ. ಸಮತಲವಾದ ಬಣ್ಣ ಒಣಗಿದ ಮೇಲೆ ಅತ್ಯಂತ ತಿಳಿಯಾದ ವರ್ಣಜಲವನ್ನು ಸೂಕ್ಷ್ಮ ಕುಂಚದಿಂದ ಪದರ ಪದರವಾಗಿ ಹಚ್ಚಿ ಛಾಯೆಯನ್ನು ತರುತ್ತಾರೆ. ಒಂದು ಮೋಡದ ಅಂಚಿಗೆ ನೂರಾರು ಕುಂಚಸ್ಪರ್ಶಗಳು ಬೇಕಾಗುವುದುಂಟು. ಆಭರಣ, ವಸ್ತ್ರದ ಅಂಚು, ಕಿರಣಗಳಿಗೆ ಚಿನ್ನದ ಪುಡಿ. ಒಣಗಿದ ಚಿನ್ನ ಮೊದಲು ಮಸುಕಾಗಿಯೇ ಕಾಣುತ್ತದೆ. ಅಗೇಟಿನಂತಹ ನುಣುಪುಗಲ್ಲಿನ ತುದಿಯಿಂದ ಒತ್ತಿ ತೀಡಿದೆಡೆ ಮಾತ್ರ ಹೊಳೆಯುತ್ತದೆ. ಮಸುಕು ಚಿನ್ನದ ಮೇಲೆ ಹೊಳೆವ ಗೆರೆಗಳಿಂದಲೇ ವಿನ್ಯಾಸವನ್ನು ಮೂಡಿಸುವುದು ಬಲ್ಲವನ ಕೈಚಳಕ.

ಕಟ್ಟಕಡೆಗೆ ಕಣ್ಣು. ಶುಭದಿನವನ್ನು ನೋಡಿ ಮೂರ್ತಿಯ ಕಣ್ಣುಗಳನ್ನು ತೆರೆಯುತ್ತಾರೆ. ಕರ್ನಾಟಕದ ಶಿಲ್ಪಿಗಳು ನೇತ್ರೋನ್ಮೀಲನವೆಂದು ಕರೆಯುವ ವಿಧಿಯೇ ಇದು. ಪಟದ ಹಿಂಬದಿಯಲ್ಲಿ, ಮೂರ್ತಿಯ ಹಣೆ, ಕಂಠ, ಹೃದಯಗಳ ನೇರಕ್ಕೆ ಓಂ, ಆಃ, ಹೂಂ ಎಂಬ ಬೀಜಾಕ್ಷರಗಳನ್ನು ಬರೆಯುತ್ತಾರೆ. ಅಲ್ಲಿಗೆ ಚಿತ್ರಕಾರನ ಕೆಲಸ ಮುಗಿಯಿತು. ದರ್ಜಿಯು ಜರತಾರಿಯ ಅಂಚು ಕಟ್ಟಿ, ಮೇಲೆ ಕೆಳಗೆ ಕೋಲು ಸೇರಿಸಿ, ರೇಷ್ಮೆಯ ಮುಸುಕು ತೊಡಿಸಿ ಕೊಟ್ಟ ಮೇಲೆ ಪಟಕ್ಕೆ ಪ್ರತಿಷ್ಠೆಯಾಗುತ್ತದೆ.

ಕಲ್ಯಾಣದ ಗ್ರಂಥ

ಇಷ್ಟನ್ನು ಓದಿದವರಿಗೆ ಇದು ಪರಕೀಯರ ವಿದ್ಯೆಯೆನಿಸಬಾರದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕರ್ಮದ ವಿಸ್ತಾರವಾದ ಪ್ರಕರಣವಿದೆ. ಕೋಣದ ಚರ್ಮವನ್ನು ಬೆಣ್ಣೆಯಂತಾಗುವವರೆಗೆ ಕುದಿಸಿ, ಬತ್ತಿಗಳಾಗಿ ಮಾಡಿ ಒಣಗಿಸಿದ ‘ವಜ್ರಲೇಪ’ವೆಂಬ ಅಂಟು, ಅದನ್ನು ಬಿಸಿನೀರಿನಲ್ಲಿ ಕರಗಿಸಿ ಬಿಳಿಯ ಮಣ್ಣಿನೊಡನೆ ಕೂಡಿಸಿ ಗೋಡೆಗೆ ಬಳಿಯುವ ಕ್ರಮ, ಕರುವಿನ ಕಿವಿಯ ಕೂದಲಿನ ಕುಂಚ, ಶಂಖದ ಬಿಳುಪು, ದರದದ ಕೆಂಪು, ಹರಿತಾಳದ ಹಳದಿ, ಕಜ್ಜಲದ ಕಪ್ಪು – ಎಲ್ಲವೂ ಅಲ್ಲಿ ಉಕ್ತವಾಗಿವೆ. ಮುಂಡಗೋಡದ ವಿಹಾರದ ನೆರಳಿನಲ್ಲಿ ಕುಳಿತವನು ಕಲಸುವ ಅಂಟೂ ಕಲ್ಯಾಣದ ಅರಮನೆಯಲ್ಲಿ ಕಲಸಿದ ಅಂಟೂ ಒಂದೇ ಕುಲದವು. ಭೇದವಿಷ್ಟೆ: ಒಂದು ಕೈಯಲ್ಲಿ ಉಳಿಯಿತು, ಇನ್ನೊಂದು ಪುಸ್ತಕದಲ್ಲಿ ಉಳಿಯಿತು.

ಸೋಮೇಶ್ವರನ ಕಾಲದಿಂದ ಒಂದು ತಲೆಮಾರು ಕಳೆಯುವಷ್ಟರಲ್ಲಿ ಅದೇ ಕಲ್ಯಾಣದಲ್ಲಿ ಬಸವಾದಿ ಶರಣರು ಕಾಯಕತತ್ತ್ವವನ್ನು ಸಾರಿದರು. ಇಷ್ಟಲಿಂಗದ ಉಪಾಸಕರಾದ ಶರಣರು ಪ್ರತಿಮಾಪೂಜೆಯನ್ನು ಪುರಸ್ಕರಿಸಿದವರಲ್ಲ. ಹಾಗಿರುವಾಗ ದೇವತಾಪಟಗಳನ್ನು ಬರೆಯುವವನ ಬಾಳಿನಿಂದ ಶರಣಪರಂಪರೆಯ ವಿದ್ಯಾಲಯವೊಂದು ಕಲಿಯಬೇಕಾದುದೇನು? ಅವನ ಉಪಾಸನೆಯನ್ನಲ್ಲ, ಅವನ ಕಾಯಕವನ್ನು. ಹೆಸರಿನ ಹಂಬಲವಿಲ್ಲದೆ, ಕಾಣದ ಕೆಲಸವನ್ನೂ ಕಾಣುವ ಕೆಲಸದಷ್ಟೇ ಶ್ರದ್ಧೆಯಿಂದ ಮಾಡಿ, ಸಂದುದನ್ನು ಕಾಣಿಕೆಯೆಂದು ಸ್ವೀಕರಿಸುವ ಬಾಳು ಯಾವ ಧರ್ಮದಲ್ಲಿದ್ದರೂ ಶರಣರಿಗೆ ಮೆಚ್ಚುಗೆಯಾದುದೇ.

ಉಳಿದುದು, ಉಳಿಯಬೇಕಾದುದು

ಈ ವಿದ್ಯೆಗೂ ಈಗ ಸಂಕಟಗಳಿಲ್ಲದಿಲ್ಲ. ಅಚ್ಚಾದ ಪಟಗಳು ಅಗ್ಗವಾಗಿ ದೊರೆಯುತ್ತವೆ. ಅರೆಯುವ ಶ್ರಮವಿಲ್ಲದ ಡಬ್ಬಿಯ ಬಣ್ಣಗಳು ಬಂದಿವೆ. ಪ್ರವಾಸಿಗರಿಗಾಗಿ ಅವಸರದಿಂದ ಬರೆಯುವುದೂ ನಡೆದಿದೆ. ಆದರೂ ನಾಡನ್ನು ಕಳೆದುಕೊಂಡ ಜನರ ಕೈಯಲ್ಲಿ ವಿದ್ಯೆ ಉಳಿದಿದೆ. ಅದಕ್ಕೆ ಕಾರಣಗಳು ಎರಡು: ಗುರುವಿನಿಂದ ಶಿಷ್ಯನಿಗೆ ದಾಟುವ ಕ್ರಮಬದ್ಧವಾದ ಪಾಠ, ಮತ್ತು ಆ ಪಾಠಕ್ಕೆ ಅನ್ನವಿಕ್ಕುವ ವಿಹಾರ.

ನಾಡನ್ನು ಕಳೆದುಕೊಳ್ಳದವರ ಸ್ಥಿತಿಯನ್ನು ಇದರೊಡನೆ ಹೋಲಿಸಿ ನೋಡಬೇಕು. ಉತ್ತರ ಕನ್ನಡದ ಕರಾವಳಿಯ ದೇವಾಲಯಗಳಲ್ಲಿ ಕಾವಿಕಲೆಯೆಂಬ ಭಿತ್ತಿಚಿತ್ರವಿತ್ತು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರವನ್ನು ಬಳಿದು, ಅದು ಹಸಿಯಾಗಿರುವಾಗಲೇ ಮೊನಚಾದ ಉಪಕರಣದಿಂದ ಕೆರೆದು, ಒಳಗಿನ ಬಿಳುಪನ್ನೇ ಚಿತ್ರವಾಗಿಸುವ ಅಪೂರ್ವ ವಿಧಾನವದು. ಗುಡಿಗಳ ಜೀರ್ಣೋದ್ಧಾರದ ಹೆಸರಿನಲ್ಲಿ ಎಷ್ಟೋ ಗೋಡೆಗಳು ಉರುಳಿದವು, ಎಷ್ಟೋ ಗೋಡೆಗಳಿಗೆ ಎಣ್ಣೆಬಣ್ಣ ಬಿದ್ದಿತು. ಹೊನ್ನಾವರದ ಡಾ. ಕೃಷ್ಣಾನಂದ ಕಾಮತ್ (1934–2002) ಅವರು ಊರೂರು ಅಲೆದು ಆ ಚಿತ್ರಗಳನ್ನು ದಾಖಲಿಸದಿದ್ದರೆ ಅವುಗಳ ನೆನಪೂ ಮಾಸಿಹೋಗುತ್ತಿತ್ತು. ದಾಖಲೆ ಉಳಿಯಿತು, ಆದರೆ ಕೆರೆದು ಬರೆಯಬಲ್ಲ ಕೈಗಳು?

ಹಳಿಯಾಳ, ಮುಂಡಗೋಡ, ಯಲ್ಲಾಪುರಗಳ ಸಿದ್ದಿ ಜನಾಂಗದ ತಾಯಂದಿರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಯೂ ಇಂಥದೇ ಒಂದು ವಿದ್ಯೆ. ಅಂಚಿನಿಂದ ಹೊಲಿಗೆಯನ್ನು ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ; ಮೂಲೆಗಳಲ್ಲಿ ‘ಫೂಲ’ವೆಂಬ ಹೂವಿನ ತುಂಡನ್ನಿಡದೆ ಕೌದಿಯು ಪೂರ್ಣವಾಗದೆಂದು ನಂಬುತ್ತಾರೆ. ಇದಕ್ಕೆ ಶಾಸ್ತ್ರಗ್ರಂಥವಿಲ್ಲ, ತಾಯಿಯ ಬೆರಳೇ ಗ್ರಂಥ. ಆ ಮನೆಗಳ ಮಕ್ಕಳು ಶಾಲೆಗೆ ಬಂದಾಗ, ತಮ್ಮ ತಾಯಿಯ ವಿದ್ಯೆಯೂ ವಿದ್ಯೆಯೇ ಎಂದು ಶಾಲೆಯಲ್ಲಿ ಯಾರಾದರೂ ಹೇಳುವುದು ಅವಶ್ಯ.

ವಿಷ್ಣುಧರ್ಮೋತ್ತರ ಪುರಾಣದಲ್ಲಿ ವಜ್ರನೆಂಬ ಅರಸನು ಪ್ರತಿಮಾಲಕ್ಷಣವನ್ನು ಕಲಿಯಬೇಕೆಂದು ಮಾರ್ಕಂಡೇಯ ಮುನಿಯನ್ನು ಕೇಳುತ್ತಾನೆ. ಚಿತ್ರವನ್ನರಿಯದೆ ಪ್ರತಿಮೆ ತಿಳಿಯದು, ನೃತ್ಯವನ್ನರಿಯದೆ ಚಿತ್ರ ತಿಳಿಯದು, ವಾದ್ಯವನ್ನರಿಯದೆ ನೃತ್ಯ ತಿಳಿಯದು, ಗೀತವನ್ನರಿಯದೆ ವಾದ್ಯ ತಿಳಿಯದು ಎಂಬುದು ಮುನಿಯ ಉತ್ತರದ ತಾತ್ಪರ್ಯ. ವಿದ್ಯೆಗಳು ಒಂದರ ಕೈಯನ್ನು ಒಂದು ಹಿಡಿದು ನಡೆಯುತ್ತವೆ. ಚಿತ್ರಕಲೆಯ ತಾಸನ್ನು ಪರೀಕ್ಷೆಯ ವಿಷಯಗಳಿಗೆ ಬಿಟ್ಟುಕೊಡುವ ಶಾಲೆಯು ಉಳಿದ ವಿದ್ಯೆಗಳ ಕೈಯನ್ನೂ ಬಿಡಿಸಿದಂತಾಗುತ್ತದೆ.

ಆದುದರಿಂದ ಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಲಯಗಳಿಗೆ ಮುಂಡಗೋಡದ ಪಟಚಿತ್ರಕಾರನು ಕಲಿಸುವ ಪಾಠವು ಸ್ಪಷ್ಟವಾಗಿದೆ. ಶಿಕ್ಷಕರು ಬಣ್ಣಕ್ಕೆ ಮೊದಲು ರೇಖೆಯನ್ನೂ ರೇಖೆಗೆ ಮೊದಲು ಪ್ರಮಾಣವನ್ನೂ ಕಲಿಸಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಗುಡಿಯ ಗೋಡೆಗೆ ಬಣ್ಣ ಬಳಿಯುವ ಮುನ್ನ ಅದರಡಿಯಲ್ಲಿ ಏನಿದೆಯೆಂದು ನೋಡುವಂತಾಗಲಿ. ದಾನಿಗಳ ದಾಸೋಹವು ಕಟ್ಟಡದ ಕಲ್ಲಿಗೆ ಸಂದಂತೆ, ಕಲಿಸುವ ಗುರುವಿಗೂ ಕಲಿಯುವ ಕೈಗೂ ಸಲ್ಲಲಿ. ‘ಚಿತ್ರಲಕ್ಷಣ’ವು ಒಮ್ಮೆ ನೆರೆಮನೆಯಲ್ಲಿ ಉಳಿದು ಬದುಕಿತು. ಪ್ರತಿಸಲವೂ ನೆರೆಮನೆಯವರೇ ಕಾಪಾಡಿಕೊಟ್ಟಾರೆಂದು ನಂಬಿ ಕೂರುವುದು ವಿವೇಕವಲ್ಲ.